ಮಗಳ ಯೂನಿವರ್ಸಿಟೀಲಿ ಟಿಎಗಳ ಸ್ಟ್ರೈಕ್ ಅಂತೆ, ಫೀಸು ಕಟ್ಟಿದವರ ಗತಿ ಎಂತದು? ಟಿಕೆಟ್ ಬೇರೆ ಆಗಿದೆ

ಡೊಂಬಿವಲಿ_ಅಪ್ಪ
ಎಲ್ರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವವ ಅಲ್ಲ, ಓದಿ ಸುಮ್ಮನಾಗುವವ. ಇವತ್ತು ತಲೆ ಕೆಟ್ಟಿದೆ, ಅದಕ್ಕೆ ಬರೀತಿದ್ದೇನೆ.

ಮಗಳು ಕೆನಡಾದ ಒಂಟಾರಿಯೋದಲ್ಲಿ ಡಿಗ್ರಿ ಎರಡನೇ ವರ್ಷ. ಯೂನಿವರ್ಸಿಟಿ ಹೆಸರು ಬೇಡ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಫೋನು, "ಪಪ್ಪಾ ಟಿಎಗಳು ಸ್ಟ್ರೈಕ್‌ಗೆ ವೋಟ್ ಹಾಕಿದ್ದಾರೆ, ನವೆಂಬರ್ ಮೊದಲ ವಾರ ಶುರು ಆಗ್ಬಹುದು" ಅಂತ. ನಾನು ಬ್ಯಾಂಕಲ್ಲಿ ಮೂವತ್ತು ವರ್ಷ ದುಡಿದವ, ಟಿಎ ಅಂದ ಕೂಡ್ಲೆ ತಲೆಗೆ ಬಂದದ್ದು ಟಿಎ-ಡಿಎ ಬಿಲ್ಲು. ಪ್ರಯಾಣ ಭತ್ಯೆ ಯಾಕೆ ಸ್ಟ್ರೈಕ್ ಮಾಡ್ತದೆ ಅಂತ ಕೇಳಿದೆ, ಅವಳು ಆ ಕಡೆ ನಗ್ತಾಳೋ ಅಳ್ತಾಳೋ ಗೊತ್ತಾಗ್ಲಿಲ್ಲ. ಆಮೇಲೆ ಹೇಳಿದ್ಳು: ಟೀಚಿಂಗ್ ಅಸಿಸ್ಟೆಂಟ್. ದೊಡ್ಡ ಹಾಲ್‌ನಲ್ಲಿ 300 ಜನಕ್ಕೆ ಪ್ರೊಫೆಸರ್ ಪಾಠ ಮಾಡಿ ಹೋಗ್ತಾರೆ, ಆಮೇಲೆ 25 ಜನರ ಗುಂಪು ಮಾಡಿ ಕೂರಿಸಿ ಅರ್ಥ ಮಾಡಿಸುವುದು, ಲ್ಯಾಬ್ ನಡೆಸುವುದು, ಪೇಪರ್ ತಿದ್ದುವುದು ಎಲ್ಲ ಈ ಟಿಎಗಳೇ ಅಂತೆ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಪ್ರೊಫೆಸರ್ ಮುಖವನ್ನೇ ಇವಳು ನೋಡಿಲ್ಲ.

ವರ್ಷಕ್ಕೆ ಫೀಸು ಮಾತ್ರ 45 ಸಾವಿರ ಡಾಲರ್ ಹತ್ತಿರ, ನಮ್ಮ ದುಡ್ಡಲ್ಲಿ 28 ಲಕ್ಷ. ಸಾಲ ಉಂಟು. ಪಾಠ ಇಲ್ಲದಿದ್ರೆ ಫೀಸು ವಾಪಸ್ ಕೊಡ್ತಾರಾ? ಸೆಮಿಸ್ಟರ್ ಮುಂದಕ್ಕೆ ಹೋದ್ರೆ ವೀಸಾ ತೊಂದರೆ ಉಂಟಾ? ಇನ್ನೊಂದು, ಡಿಸೆಂಬರ್ 19ಕ್ಕೆ ಅವಳಿಗೆ ಟಿಕೆಟ್ ಮಾಡಿದ್ದೇನೆ. ಊರಲ್ಲಿ 28ಕ್ಕೆ ನಮ್ಮ ಹರಕೆ ಆಟ, ಮನೆ ಅಂಗಳದಲ್ಲೇ. ಪರೀಕ್ಷೆ ಜನವರಿಗೆ ಹೋದ್ರೆ ಎಂತ ಮಾಡುವುದು?

ಹಿಂಜವಡಿ_ಬಗ್
ಸಾರ್ ಲೆಕ್ಕ ಮಾಡೋಣ. 28 ಲಕ್ಷ, ವರ್ಷಕ್ಕೆ ಎರಡು ಟರ್ಮ್, ಒಂದೊಂದು 12 ವಾರ, ವಾರಕ್ಕೆ 15 ಗಂಟೆ ಕ್ಲಾಸ್ ಅಂತ ಇಟ್ಕೊಂಡ್ರೆ ಒಟ್ಟು 360 ಗಂಟೆ. ಗಂಟೆಗೆ 7,777 ರೂಪಾಯಿ. ಸ್ಟ್ರೈಕ್‌ನಲ್ಲಿ ಹೋದ ಪ್ರತಿ ಗಂಟೆಗೆ ಬಿಲ್ ಕಳ್ಸಿ 😄

ಮಾಟುಂಗಾ_ಎಸ್‌ವೈ
ಗಂಟೆಗೆ 7,777?? ನಮ್ ಕಾಲೇಜಲ್ಲಿ ಇಡೀ ವರ್ಷದ ಫೀಸೇ ಅದ್ರ ಆಸುಪಾಸು

ಥಾಣೆ_ವಾಪಸಿ
ಅಂಕಲ್, ನಾನು ಒಂಟಾರಿಯೋದಲ್ಲಿ ಮಾಸ್ಟರ್ಸ್ ಮಾಡಿ ನಾಲ್ಕು ವರ್ಷ ಇದ್ದು ವಾಪಸ್ ಬಂದವನು, ಎರಡು ಟರ್ಮ್ ಟಿಎ ಕೂಡ ಆಗಿದ್ದೆ. ಮೊದಲು ಗಾಬರಿ ಆಗ್ಬೇಡಿ. ವೋಟ್ ಹಾಕಿದ ತಕ್ಷಣ ಸ್ಟ್ರೈಕ್ ಅಂತ ಅಲ್ಲ. ಅಲ್ಲಿ ಕಾನೂನು ಬಿಗಿ. ಮಾತುಕತೆಗೆ ಸರ್ಕಾರದ ಕಡೆಯಿಂದ ಒಬ್ಬ ಸಂಧಾನಕಾರರು ಬರ್ತಾರೆ, ಅದೂ ಮುರಿದುಬಿದ್ರೆ "ನೋ ಬೋರ್ಡ್ ರಿಪೋರ್ಟ್" ಅಂತ ಒಂದು ಕಾಗದ ಹೊರಡಿಸ್ತಾರೆ, ಅದಾಗಿ 17ನೇ ದಿನಕ್ಕೆ ಸ್ಟ್ರೈಕ್ ಮಾಡೋ ಹಕ್ಕು ಬರುತ್ತೆ. ಅಲ್ಲೀವರೆಗೂ ಟಿಎಗಳು ಹೊರಗೆ ಕೂರೋ ಹಾಗಿಲ್ಲ, ಯೂನಿವರ್ಸಿಟಿ ಬೀಗ ಹಾಕೋ ಹಾಗೂ ಇಲ್ಲ. ನಿಮ್ಮ ಮಗಳು ಹೇಳಿದ ನವೆಂಬರ್ ಮೊದಲ ವಾರ ಬಹುಶಃ ಆ ಲೆಕ್ಕದ್ದೇ. ವೋಟ್ ಅನ್ನೋದು ಎಷ್ಟೋ ಸಲ ಮೇಜಿನ ಮೇಲೆ ಇಡೋ ದೊಣ್ಣೆ, ಹೊಡೀಲೇಬೇಕು ಅಂತಿಲ್ಲ. ಕೊನೇ ರಾತ್ರಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಒಪ್ಪಂದ ಆಗೋದೇ ಹೆಚ್ಚು.

ಆದ್ರೆ ಯಾವಾಗಲೂ ಹಾಗೇ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಟೊರಾಂಟೊದ ಯಾರ್ಕ್ ಯೂನಿವರ್ಸಿಟೀಲಿ 2018ರ ಮಾರ್ಚ್ 5ಕ್ಕೆ ಶುರುವಾಗಿದ್ದು 143 ದಿನ ಎಳೀತು, ಜುಲೈ 25ಕ್ಕೆ ಸರ್ಕಾರ ಕಾನೂನು ತಂದು ಕೆಲಸಕ್ಕೆ ಕಳಿಸ್ತು. ಅದೇ ಯೂನಿವರ್ಸಿಟೀಲಿ 2008ರ ನವೆಂಬರ್‌ನಿಂದ 2009ರ ಜನವರಿ ಕೊನೆವರೆಗೆ 85 ದಿನ. ಯೂನಿವರ್ಸಿಟಿ ಆಫ್ ಟೊರಾಂಟೊದಲ್ಲಿ 2015ರಲ್ಲಿ ಫೆಬ್ರವರಿ ಕೊನೆಯಿಂದ ಸುಮಾರು ನಾಲ್ಕು ವಾರ. ಅಂದ್ರೆ ಶೂನ್ಯ ದಿನದಿಂದ ಐದು ತಿಂಗಳವರೆಗೆ ಏನೂ ಆಗ್ಬಹುದು.

ಟಿಕೆಟ್ ಮಾತ್ರ ಈಗ ಮುಟ್ಬೇಡಿ.

ಡೊಂಬಿವಲಿ_ಅಪ್ಪ
143 ದಿನ ಓದಿ ಬಿಪಿ ಮಾತ್ರೆ ತಕೊಂಡೆ ಮಾರಾಯ್ರೆ.

ಕೊಥ್ರೂಡ್_ಮಾಸ್ತರ
ಅಲ್ರೀ ಹಿಂಜವಡಿಯವ್ರ, ನಿಮ್ಮ ಲೆಕ್ಕ ಭಾಳ ಛಲೋ ಅದ, ಆದ್ರ ಅರ್ಧಕ್ಕ ನಿಲ್ಲಿಸೀರಿ. ಒಂದು ಹುಡುಗಿಯಿಂದ ತಾಸಿಗೆ 7,777 ಬಂದ್ರ ಹಾಲ್‌ನ್ಯಾಗ ಕೂತ 300 ಮಂದಿಯಿಂದ ಎಷ್ಟು ಬಂತು? ಎಲ್ಲಾರೂ ಹೊರದೇಶದವ್ರಲ್ಲ, ಅರ್ಧಾ ತಗೀರಿ, ಮುಕ್ಕಾಲು ತಗೀರಿ, ಆದ್ರೂ ಲಕ್ಷಗಟ್ಟಲೆ ಆತು. ಅದರಾಗ ಪೇಪರ್ ತಿದ್ದಾಂವಗ ಎಷ್ಟು ಹೋತು ಅನ್ನೂದೂ ಲೆಕ್ಕ ಮಾಡ್ರಿ.

ನಾ ಪುಣೆದಾಗ ಸಿಎಚ್‌ಬಿ ಮಾಸ್ತರ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಕ್ಲಾಕ್ ಅವರ್ ಬೇಸಿಸ್, ಮರಾಠಿಯೊಳಗ ತಾಸಿಕಾ ತತ್ವ ಅಂತಾರ. ಪಾಠ ಮಾಡಿದ ತಾಸಿಗೆ ರೊಕ್ಕ. ಗಣಪತಿ ಸೂಟಿ ಬಂತು, ರೊಕ್ಕ ಇಲ್ಲ. ದೀಪಾವಳಿ ಸೂಟಿ, ರೊಕ್ಕ ಇಲ್ಲ. ಮೇ ತಿಂಗಳು ನಾವು ಮಾಸ್ತರೇ ಅಲ್ಲ. ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷಾ) ಆಗ್ಯದ, ಪಿಎಚ್‌ಡಿ ಆಗ್ಯದ, ಎರಡು ಕಾಲೇಜಿಗೆ ಸ್ಕೂಟರ್ ಮ್ಯಾಲೆ ಓಡ್ಯಾಡ್ತೀನಿ. ಯುಜಿಸಿ 2019ರ ಜನವರಿಯೊಳಗ ಅತಿಥಿ ಉಪನ್ಯಾಸಕರಿಗೆ ತಾಸಿಗೆ 1500, ತಿಂಗಳಿಗೆ ಹೆಚ್ಚಂದ್ರ 50 ಸಾವಿರ ಅಂತ ಹೇಳ್ತು. ನನ್ನ ಕೈಗೆ ಬರೂದು ಅದರ ಸನೇಕ್ಕೂ ಇಲ್ಲ, ಅದೂ ಆರು ತಿಂಗಳಿಗೊಮ್ಮೆ ಒಟ್ಟಿಗೆ ಬರ್ತದ, ದೀಪಾವಳಿಗೆ ಬಂದ್ರ ಹಬ್ಬ, ಬರಲಿಲ್ಲಂದ್ರ ಅದೂ ಹಬ್ಬನ.

ಕೆನಡಾದಾಗ ಅವರಿಗೆ ಸ್ಟ್ರೈಕ್ ಮಾಡೂ ಹಕ್ಕರ ಅದ. ನಾ ನಾಳೆ ಹೊರಗ ಕೂತ್ರ ನಾಡದು ನನ್ನ ಟೈಮ್‌ಟೇಬಲ್‌ನ್ಯಾಗ ಬ್ಯಾರೆಯವ್ರ ಹೆಸರಿರ್ತದ.

ಹಿಂಜವಡಿ_ಬಗ್
ಮಾಸ್ತರೇ ಒಪ್ಕೊಂಡೆ. ಆದ್ರೆ ಅಂಕಲ್ ದುಡ್ಡು ಕೊಟ್ಟಿರೋದು ಪಾಠಕ್ಕೆ. ಹೋಟೆಲಲ್ಲಿ ಅಡಿಗೆಯವರು ಸ್ಟ್ರೈಕ್ ಅಂದ್ರೆ ಬಿಲ್ ಕಟ್ತೀವಾ?

ಮುಲುಂಡ್_ಅತ್ತೆ
ಹೋಟೆಲಲ್ಲಿ ತಿಂದ ಮೇಲೆ ಬಿಲ್ಲು. ಇಲ್ಲಿ ಮೊದಲೇ ಬಿಲ್ಲು. ಅದೇ ಸಮಸ್ಯೆ ಅಲ್ವಾ.

ವಾಸ್ಕೋ_ಬಸು
ಈ ಕತಿ ನಮ್ಮ ಊರಾಗೂ ಆಗಿತ್ರಿ. 2023ರ ನವೆಂಬರ್‌ದಾಗ ಕರ್ನಾಟಕದ ಸರ್ಕಾರಿ ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರು ಪಾಠ ಬಂದ್ ಮಾಡಿದ್ರಲ್ಲ, ಖಾಯಂ ಮಾಡ್ರಿ ಅಂತ, ತುಮಕೂರಿಂದ ಬೆಂಗಳೂರಿಗೆ ನಡಕೋತ ಹೋಗಿದ್ರು. ಆವಾಗ ನಮ್ಮ ಅಕ್ಕನ ಮಗ ಬಿಎ ಕಡೀ ವರ್ಷ. ದಿನಾ ಬಸ್ ಹತ್ತಿ ಕಾಲೇಜಿಗೆ ಹೋಗಾಂವ, ಹತ್ತು ಪೀರಿಯಡ್ಡಿನಾಗ ಎರಡೋ ಮೂರೋ, ಉಳದದ್ದು ಖಾಲಿ. ಒಂದು ವಾರ ನೋಡಿದ, ಎರಡು ವಾರ ನೋಡಿದ, ಆಮ್ಯಾಗ ಚೀಲ ಹೊಂದಿಸ್ಕೊಂಡು ಗೋವಾಕ್ಕ ನನ್ನ ಹತ್ರ ಬಂದುಬಿಟ್ಟ, "ಮಾಮಾ ಅಲ್ಲಿ ಕುಂತು ಏನ್ ಮಾಡ್ಲಿ" ಅಂದ. ಜುವಾರಿನಗರದಾಗ ಒಂದು ಗೋಡೌನಿನಾಗ ಲೆಕ್ಕ ಬರ್ಯೂ ಕೆಲಸಕ್ಕ ಹಚ್ಚಿದೆ. ಜನವರಿದಾಗ ಸ್ಟ್ರೈಕ್ ಮುಗೀತು, ಗೌರವಧನ ಹೆಚ್ಚ ಮಾಡಿದ್ರು, ಅರವತ್ತಕ್ಕ 5 ಲಕ್ಷ ಇಡಿಗಂಟು ಅಂದ್ರು. ಮಾಸ್ತರ್‌ಗಳು ಕ್ಲಾಸಿಗೆ ಹೋದ್ರು. ನಮ್ಮ ಹುಡುಗ ಹೋಗಲೇ ಇಲ್ಲ. ತಿಂಗಳಿಗೆ ಪಗಾರ ನೋಡಿದ ಕೈ, ಮತ್ತ ಬೆಂಚಿನ ಮ್ಯಾಗ ಕುಂದ್ರಂಗಿಲ್ಲ ಅಂತು. ಈಗಿನ ತನಕ ಡಿಗ್ರಿ ಮುಗಿಸಿಲ್ಲ.

ಮಾಸ್ತರ್‌ಗಳದು ತಪ್ಪು ಅನ್ನಂಗಿಲ್ಲ ನಾ. ಆದ್ರ ಸ್ಟ್ರೈಕ್ ಮುಗದ ಮ್ಯಾಗ ಎಲ್ಲಾರೂ ತಿರುಗಿ ಬರ್ತಾರ ಅನ್ಕೋಬ್ಯಾಡ್ರಿ.

ಕೊಥ್ರೂಡ್_ಮಾಸ್ತರ
ಬಸು, ಇದನ್ನ ಓದಿ ಸುಮ್ನ ಕೂತೆ. ಇದಕ್ಕ ನನ್ನ ಹತ್ರ ಉತ್ತರ ಇಲ್ಲ.

ಪವಯಿ_ಲ್ಯಾಬ್
ನಾನು ಇಲ್ಲಿ ಪವಯಿಯ ಐಐಟಿಯಲ್ಲಿ ಪಿಎಚ್‌ಡಿ, ಅಂದ್ರೆ ನಾನೂ ಟಿಎ. ಟ್ರಾವೆಲಿಂಗ್ ಅಲವೆನ್ಸ್ ಅಲ್ಲ 🙂 ಐಐಟಿಗಳಲ್ಲಿ ಎಂಟೆಕ್‌ನವರಿಗೆ ತಿಂಗಳಿಗೆ 12,400, ಅದಕ್ಕೆ ಬದಲಾಗಿ ವಾರಕ್ಕೆ 8 ಗಂಟೆ ಟಿಎ ಕೆಲಸ. ಪಿಎಚ್‌ಡಿಯವರಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ 37 ಸಾವಿರ, ಆಮೇಲೆ 42 ಸಾವಿರ. ಅದು ಹೆಚ್ಚಾಗೋಕೆ ದೇಶದ ತುಂಬ ಸಂಶೋಧನಾ ವಿದ್ಯಾರ್ಥಿಗಳು ಪೋಸ್ಟರ್ ಹಿಡ್ಕೊಂಡು ನಿಂತಿದ್ರು. ಆದ್ರೆ ಪೇಪರ್ ತಿದ್ದೋದು ನಿಲ್ಲಿಸ್ತೀವಿ ಅಂತ ಯಾರಾದ್ರೂ ಅಂದಿದ್ದು ನಾನಂತೂ ನೋಡಿಲ್ಲ. ಯೂನಿಯನ್ ಇಲ್ಲ, ಗೈಡ್ ಮುಖ ನೋಡ್ಬೇಕು, ಥೀಸಿಸ್ ಅವರ ಕೈಲಿದೆ.

ಒಂದು ಮಾತು ಹೇಳ್ತೀನಿ, ಕೇಳೋಕೆ ಕಹಿ. ನಾನು ಒಂದು ಕ್ವಿಜ್‌ನ 140 ಪೇಪರ್ ತಿದ್ದೋಕೆ ಎರಡು ರಾತ್ರಿ ಕೂತೆ. ಮೊದಲ ಇಪ್ಪತ್ತು ಪೇಪರ್‌ಗೆ ಎಲ್ಲಿ ತಪ್ಪಾಯ್ತು ಅಂತ ಪಕ್ಕದಲ್ಲಿ ಬರೆದೆ. ನೂರನೇ ಪೇಪರ್‌ಗೆ ಬರೋ ಹೊತ್ತಿಗೆ ಬರೀ ನಂಬರ್. ಅಂಕಲ್ ಮಗಳ ಲ್ಯಾಬ್ ರಿಪೋರ್ಟ್ 20ರಲ್ಲಿದೆಯೋ 100ರಲ್ಲಿದೆಯೋ ಅನ್ನೋದರ ಮೇಲೆ ಅವಳು ಏನು ಕಲೀತಾಳೆ ಅನ್ನೋದು ನಿಂತಿದೆ. ಅಲ್ಲಿ ಯೂನಿಯನ್‌ಗಳು ಎಷ್ಟೋ ಸಲ ಸಂಬಳದ ಜೊತೆಗೆ ಕೇಳೋದು ಇದನ್ನೇ, ಒಬ್ಬ ಟಿಎಗೆ ಇಷ್ಟೇ ವಿದ್ಯಾರ್ಥಿಗಳು ಅಂತ ಮಿತಿ ಹಾಕಿ ಅಂತ. ಅದು ಫೀಸು ಕಟ್ಟಿದವರಿಗೂ ಲಾಭ ಅಲ್ವಾ?

ಹಿಂಜವಡಿ_ಬಗ್
ಲಾಭ ಮುಂದಿನ ಬ್ಯಾಚ್‌ಗೆ. ನಷ್ಟ ಈ ಬ್ಯಾಚ್‌ಗೆ. ಅದನ್ನ ಯಾರೂ ಹೇಳಲ್ಲ.

ಪವಯಿ_ಲ್ಯಾಬ್
ಹೌದು. ಅದು ನಿಜ. ಬೇಕಾದ್ರೆ ದಪ್ಪ ಅಕ್ಷರದಲ್ಲಿ ಬರೀತೀನಿ.

ಥಾಣೆ_ವಾಪಸಿ
ಒಂದು ಕಡೆ ಮಾತ್ರ ನ್ಯಾಯ ಹೇಳ್ಬಾರ್ದು, ಅದಕ್ಕೆ ಇದನ್ನೂ ಕೇಳಿ. ಒಂಟಾರಿಯೋದಲ್ಲಿ ಟಿಎಗೆ ಗಂಟೆ ಲೆಕ್ಕದಲ್ಲಿ ಸಿಗೋದು ಕಮ್ಮಿ ಅಲ್ಲ, ನನಗೇ 40 ಡಾಲರ್ ಮೇಲೆ ಸಿಕ್ತಿತ್ತು. ಮಾಸ್ತರ್ ಅದನ್ನ ಕೇಳಿದ್ರೆ ಎದೆ ಹಿಡ್ಕೋತಾರೆ. ಆದ್ರೆ ಗಂಟೆ ಸಿಗೋದೇ ವಾರಕ್ಕೆ ಹತ್ತರ ಹತ್ತಿರ. ಅದೂ ಟರ್ಮ್ ನಡೆಯುವಾಗ ಮಾತ್ರ. ಬಂದ ದುಡ್ಡಲ್ಲಿ ಫೀಸು ಅಂತ ಅದೇ ಯೂನಿವರ್ಸಿಟಿಗೆ ವಾಪಸ್ ಕಟ್ಬೇಕು, ಉಳಿದಿದ್ರಲ್ಲಿ ನೆಲಮಾಳಿಗೆ ರೂಮಿನ ಬಾಡಿಗೆ. 2015ರಲ್ಲಿ ಟೊರಾಂಟೊ ಜಗಳದ ಮೂಲ ಅದೇ: ವರ್ಷಕ್ಕೆ ಕನಿಷ್ಠ 15 ಸಾವಿರ ಡಾಲರ್ ಅನ್ನೋ ಪ್ಯಾಕೇಜ್, ಆ ಊರಲ್ಲಿ ಅದು ಬಡತನದ ಗೆರೆ ಕೆಳಗೆ. ನಾನು ತಿಂಗಳ ಕೊನೇ ವಾರ ಅನ್ನಕ್ಕೆ ಉಪ್ಪಿನಕಾಯಿ ಕಲಸ್ಕೊಂಡು ತಿಂದಿದ್ದೀನಿ, ಅಮ್ಮನಿಗೆ ಈಗ್ಲೂ ಗೊತ್ತಿಲ್ಲ.

ಕೊಥ್ರೂಡ್_ಮಾಸ್ತರ
40 ಡಾಲರ್ ಅಂದ್ರ ಎರಡೂವರೆ ಸಾವಿರ ತಾಸಿಗೆ. ಎದಿ ಹಿಡಕೊಂಡೆ, ಖರೇನ. 😅

ಗಿರಗಾಂವ್_ಅಜ್ಜ
ಸ್ಟ್ರೈಕ್ ಅಂದ ಕೂಡಲೆ ನನಗೆ 1982 ಜನವರಿ 18 ನೆನಪು. ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂಬೈ ಬಟ್ಟೆ ಮಿಲ್ ಮುಷ್ಕರ, ಎರಡೂವರೆ ಲಕ್ಷ ಕಾರ್ಮಿಕರು. ನಾನಾಗ ಪರೇಲ್ ಕಡೆ ಹೋಟೆಲಲ್ಲಿ ಕ್ಯಾಷಿಗೆ ಕೂರುತ್ತಿದ್ದೆ, ಮೂರೂ ಪಾಳಿಯ ಮಿಲ್ ಜನರೇ ಗಿರಾಕಿಗಳು. ಮೊದಲ ತಿಂಗಳು ಉದ್ರಿ ಬರೆದುಕೊಂಡೆವು. ಎರಡನೇ ತಿಂಗಳೂ ಬರೆದುಕೊಂಡೆವು. ಆರನೇ ತಿಂಗಳಿಗೆ ಬರೆಸಿದವರೇ ಊರು ಬಿಟ್ಟಿದ್ದರು. ಆ ಮುಷ್ಕರವನ್ನು ಮುಗಿಸಿದೆವು ಅಂತ ಯಾರೂ ಘೋಷಣೆಯೇ ಮಾಡಲಿಲ್ಲ, ಗೊತ್ತುಂಟಾ? ಮಿಲ್ಲೇ ಮುಗಿದವು. ಈಗ ಆ ಜಾಗದಲ್ಲಿ ಮಾಲು, ಟವರು.

ಇನ್ನು ಪಾಠದ ವಿಷಯ. ನಾನು ಓದಿದ್ದು ಮುಂಬೈ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಯಲ್ಲಿ. ಹಗಲು ಕಪ್ಪು ತೊಳೆದು ರಾತ್ರಿ ಏಳಕ್ಕೆ ಬೆಂಚಿನಲ್ಲಿ ನಿದ್ದೆ ತೂಗುತ್ತಿದ್ದ ಹುಡುಗರು ನಾವು. ಮಾಸ್ತರು ಸಹ ಹಗಲು ಎಲ್ಲೋ ಗುಮಾಸ್ತರು, ರಾತ್ರಿ ನಮಗೆ ಕಲಿಸಲಿಕ್ಕೆ ಬರುತ್ತಿದ್ದವರು, ಸಿಗುತ್ತಿದ್ದದ್ದು ಬಸ್ಸಿನ ಖರ್ಚಿಗೆ. ಅವರು ಒಂದು ದಿನ ಮುಷ್ಕರ ಮಾಡಿದ್ದರೆ ನಾನು ಹತ್ತನೇ ಪಾಸಾಗುತ್ತಿರಲಿಲ್ಲ.

ಕೊಥ್ರೂಡ್_ಮಾಸ್ತರ
ಅಜ್ಜಾರ, ನಿಮ್ಮ ಮಾಸ್ತರರಿಗೆ ದೊಡ್ಡ ನಮಸ್ಕಾರ. ಆದ್ರ ಅವರಿಗೆ ಹಗಲೊತ್ತಿನ ಪಗಾರ ಇತ್ತು ನೋಡ್ರಿ. ನನಗ ಇದ ಹಗಲು, ಇದ ರಾತ್ರಿ. "ವಿದ್ಯಾದಾನ" ಅನ್ನೂ ಶಬ್ದ ಕೇಳಿದ್ರ ಮೈ ಉರೀತದ, ಪ್ರಿನ್ಸಿಪಾಲ್ ಬಾಯಾಗ ಆ ಶಬ್ದ ಬಂತಂದ್ರ ಬಿಲ್ ಪಾಸಾಗಿಲ್ಲ ಅಂತ ಅರ್ಥ.

ಗಿರಗಾಂವ್_ಅಜ್ಜ
ಅದು ಸರಿ ಮಗಾ. ಬೇಸರ ಮಾಡಬೇಡ.

ಮಾಟುಂಗಾ_ಎಸ್‌ವೈ
ಅಜ್ಜ ನಿಮ್ ಉದ್ರಿ ಪುಸ್ತಕ ಇನ್ನೂ ಇದ್ಯಾ? ಮ್ಯೂಸಿಯಂಗೆ ಕೊಡಿ

ಗಿರಗಾಂವ್_ಅಜ್ಜ
2005ರ ಜುಲೈ 26ರ ಮಳೆಗೆ ಹೋಯಿತು.

ಪಾರ್ಲೆ_ಮೇಡಂ
ನಿವೃತ್ತ ಉಪನ್ಯಾಸಕಿ ನಾನು, ಸ್ಟ್ರೈಕ್‌ನ ಆ ಕಡೆ ನಿಂತು ನೋಡಿದವಳು. 2013ರಲ್ಲಿ ಮಹಾರಾಷ್ಟ್ರದ ಕಾಲೇಜು ಅಧ್ಯಾಪಕರ ಒಕ್ಕೂಟ ಎಂಫುಕ್ಟೊ ಪರೀಕ್ಷಾ ಕೆಲಸ ಬಹಿಷ್ಕರಿಸಿತ್ತು, ಫೆಬ್ರವರಿ 4ರಿಂದ ಮೇ 10ರವರೆಗೆ. ಆರನೇ ವೇತನ ಆಯೋಗದ ಬಾಕಿ, ಮತ್ತೆ 1991ರಿಂದ 2000ದ ನಡುವೆ ನೆಟ್-ಸೆಟ್ ಇಲ್ಲದೆ ನೇಮಕ ಆದವರ ಪ್ರಶ್ನೆ. ನಾವು ಪಾಠ ನಿಲ್ಲಿಸಿರಲಿಲ್ಲ, ಅದು ಮುಖ್ಯ. ಪ್ರಶ್ನೆಪತ್ರಿಕೆ ತೆಗೆಯುವುದಿಲ್ಲ, ಪ್ರಾಕ್ಟಿಕಲ್ ಪರೀಕ್ಷೆಗೆ ಹೋಗುವುದಿಲ್ಲ, ಪೇಪರ್ ತಿದ್ದುವುದಿಲ್ಲ. ಆಮೇಲೆ 71 ದಿನದ ಸಂಬಳ ತಡೆದರು, ಕೋರ್ಟು ಕಚೇರಿ ಆಯಿತು.

ಆಗ ನನ್ನ ಟಿವೈ (ಮೂರನೇ ವರ್ಷದ) ಬಿಎಸ್ಸಿ ಕ್ಲಾಸಿನ ಒಬ್ಬಳು ಹುಡುಗಿ ಸ್ಟಾಫ್ ರೂಮಿಗೆ ಬಂದು ನಿಂತಳು. ಅಳಲಿಲ್ಲ, ಜಗಳ ಮಾಡಲಿಲ್ಲ. "ಮ್ಯಾಮ್, ನನ್ನ ಪ್ರಾಕ್ಟಿಕಲ್ ಯಾವಾಗ ಅಂತ ಹೇಳಿದ್ರೆ ಸಾಕು, ನಾನು ರೆಡಿ ಇದ್ದೀನಿ, ಆದ್ರೆ ಎಷ್ಟು ದಿನ ರೆಡಿ ಆಗಿಯೇ ಇರ್ಲಿ?" ಅಂದಳು. ನನಗೆ ದಿನಾಂಕ ಗೊತ್ತಿರಲಿಲ್ಲ. ನಮ್ಮ ಬೇಡಿಕೆ ಸರಿ ಇತ್ತು ಅಂತ ಇವತ್ತೂ ಹೇಳುತ್ತೇನೆ. ಆ ಹುಡುಗಿ ಮುಖವೂ ಇವತ್ತಿಗೂ ಮರೆತಿಲ್ಲ.

ಡೊಂಬಿವಲಿಯವರೇ, ಮಗಳಿಗೆ ಓದು ನಿಲ್ಲಿಸಬೇಡ ಅನ್ನಿ. ಸ್ಟ್ರೈಕ್ ಅಂತ ಪುಸ್ತಕ ಮುಚ್ಚಿಟ್ಟವರು, ಆಮೇಲೆ ಹತ್ತು ದಿನದಲ್ಲಿ ಪರೀಕ್ಷೆ ಅಂದಾಗ ಒದ್ದಾಡಿದ್ದನ್ನು ನೋಡಿದ್ದೇನೆ.

ಹಿಂಜವಡಿ_ಬಗ್
ಪೇಪರ್ ತಿದ್ದೋ ಮಾತು ಬಂದ್ರೆ ಸ್ಟ್ರೈಕೇ ಬೇಕಾಗಿಲ್ಲ ಮೇಡಂ. 2017ರಲ್ಲಿ ಮುಂಬೈ ಯೂನಿವರ್ಸಿಟಿ ಆನ್‌ಸ್ಕ್ರೀನ್ ಮೌಲ್ಯಮಾಪನ ತಂದು 17 ಲಕ್ಷಕ್ಕೂ ಜಾಸ್ತಿ ಉತ್ತರಪತ್ರಿಕೆ ಸಿಕ್ಕಿಹಾಕ್ಕೊಂಡು ರಿಸಲ್ಟ್ ತಿಂಗಳುಗಟ್ಟಲೆ ತಡ ಆಗಿ, ಕೊನೆಗೆ ಅಕ್ಟೋಬರ್‌ನಲ್ಲಿ ಕುಲಪತಿಯನ್ನೇ ತೆಗೆದ್ರು. ಯಾರೂ ಘೋಷಣೆ ಕೂಗಿರ್ಲಿಲ್ಲ.

ಪಾರ್ಲೆ_ಮೇಡಂ
ಕುಲಪತಿ ಅಲ್ಲ, ವೈಸ್ ಚಾನ್ಸಲರ್. ಮಹಾರಾಷ್ಟ್ರದಲ್ಲಿ ಕುಲಪತಿ ಅಂದರೆ ರಾಜ್ಯಪಾಲರು, ತೆಗೆದದ್ದು ಅವರು.

ಹಿಂಜವಡಿ_ಬಗ್
ಮೇಷ್ಟ್ರು ರಿಟೈರ್ ಆದ್ರೂ ಕೆಂಪು ಪೆನ್ನು ರಿಟೈರ್ ಆಗಲ್ಲ 🙏

ಕಾಂದಿವಲಿ_ಸುಬ್ಬ
ಇಷ್ಟೆಲ್ಲ ಯಾಕೆ ಬೇಕಿತ್ತು. ನಮ್ಮಲ್ಲಿ ಕಾಲೇಜಿಲ್ವಾ? 28 ಲಕ್ಷದಲ್ಲಿ ಊರಲ್ಲಿ ಅಡಿಕೆ ತೋಟ ತಗೋಬಹುದಿತ್ತು. ಮಕ್ಕಳನ್ನ ಹೊರಗೆ ಕಳ್ಸೋದು ಶೋಕಿ ಆಗೋಗಿದೆ.

ಮುಲುಂಡ್_ಅತ್ತೆ
ಸುಬ್ಬಣ್ಣ, ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ರೆ ಹೇಳಿ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ್ರೆ ಅದಕ್ಕೆ ಯಾವ ಯೂನಿಯನ್ ಹತ್ರ ಹೋಗ್ತೀರಿ?

ಡೊಂಬಿವಲಿ ಅಣ್ಣ, ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿ ಪಿಎಚ್‌ಡಿ. 2022ರಲ್ಲಿ ಅಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಎಲ್ಲಾ ಕ್ಯಾಂಪಸ್ಸಲ್ಲಿ ಸ್ಟ್ರೈಕ್ ಆಯ್ತಲ್ಲ, 48 ಸಾವಿರ ಜನ, ನವೆಂಬರ್ 14ಕ್ಕೆ ಶುರು, ಡಿಸೆಂಬರ್ 23ಕ್ಕೆ ಮುಗೀತು. ಇವನೂ ಹೋಗಿದ್ದ. ವಿಡಿಯೋ ಕಾಲ್ ಮಾಡಿದ್ರೆ ಕೈಯಲ್ಲಿ ಬೋರ್ಡು, ಹಿಂದೆ ಡೋಲು. ನಾನು ಹೆದರಿ ಬೈದೆ, "ಓದ್ಲಿಕ್ಕೆ ಕಳ್ಸಿದ್ದು, ಮೋರ್ಚಾಕ್ಕಲ್ಲ, ವೀಸಾ ಹೋದ್ರೆ ಎಂತ ಮಾಡ್ತಿ" ಅಂತ. ಅವ ಹೇಳಿದ, ಅಮ್ಮಾ ಇದು ಕಾನೂನು ಪ್ರಕಾರ ಮಾಡುವ ಸ್ಟ್ರೈಕು, ಇದಕ್ಕೆ ವೀಸಾ ಕಿತ್ಕೊಳ್ಳುದಿಲ್ಲ, ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ನಾನು ತಿನ್ನುದು ಎಂತ ಅಂತ ನೀನು ಕೇಳಿದ್ದುಂಟಾ ಅಂತ. ಕೇಳಿರ್ಲಿಲ್ಲ. ಸ್ಟ್ರೈಕ್ ಮುಂಚೆ ಟಿಎ ಕೆಲಸಕ್ಕೆ ವರ್ಷಕ್ಕೆ 23 ಸಾವಿರ ಡಾಲರ್ ಆಸುಪಾಸು, ಒಪ್ಪಂದದ ಪ್ರಕಾರ 2024ರ ಅಕ್ಟೋಬರ್ ಹೊತ್ತಿಗೆ ಕನಿಷ್ಠ 34 ಸಾವಿರ.

ಅವನ ಹತ್ರ ಓದುವ ಮಕ್ಕಳಿಗೆ ಎಂತ ಆಯ್ತು ಅಂತ ಕೇಳಿದ್ದೆ. ಕೆಲವು ಪ್ರೊಫೆಸರ್‌ಗಳು ಫೈನಲ್ ಪರೀಕ್ಷೆಯನ್ನೇ ಬಿಟ್ರು, ಕೆಲವರು ಸಣ್ಣ ಮಾಡಿದ್ರು, ಗ್ರೇಡ್ ಹಾಕುವ ತಾರೀಕು ಮುಂದೆ ಹಾಕಿದ್ರು. ಸೆಮಿಸ್ಟರ್ ಹಾಳಾಗ್ಲಿಲ್ಲ. ಆದ್ರೆ ತಿದ್ದದ ಅಸೈನ್‌ಮೆಂಟುಗಳು ಹಾಗೇ ಉಳಿದವು ಅಂತೆ. ಅವನಿಗೂ ಅದು ಬೇಜಾರು.

ಡೊಂಬಿವಲಿ_ಅಪ್ಪ
ಎಲ್ರಿಗೂ ಥ್ಯಾಂಕ್ಸ್. ಸುಬ್ಬಣ್ಣ, ಶೋಕಿ ಅಲ್ಲ. ಅವಳು ಹಟ ಮಾಡಿ ಸೀಟು ಗಿಟ್ಟಿಸಿದ್ದು, ಅರ್ಧ ಸಾಲ, ಅರ್ಧ ಅಮ್ಮನ ಬಂಗಾರ.

ಥಾಣೆಯವರೇ, ಈಗ ಅವಳು ಎಂತ ಮಾಡ್ಬೇಕು ಅಂತ ಬಿಡಿಸಿ ಹೇಳ್ತೀರಾ? ಅವಳ ಟಿಎ ಒಬ್ಬ ನೈಜೀರಿಯಾದವ ಅಂತೆ, ಒಳ್ಳೆ ಹುಡುಗ, ಕ್ಲಾಸ್ ಬಿಟ್ಟ ಮೇಲೂ ಅರ್ಧ ಗಂಟೆ ಕೂತು ಹೇಳಿಕೊಡ್ತಾನಂತೆ. ಅವ ಹೊರಗೆ ಬೋರ್ಡು ಹಿಡ್ಕೊಂಡು ನಿಂತಿರುವಾಗ ಇವಳು ಅವನ ಎದುರೇ ದಾಟಿ ಕ್ಲಾಸಿಗೆ ಹೋಗ್ಬೇಕಾ, ಅದೇ ಅವಳಿಗೆ ದೊಡ್ಡ ಸಂಕಟ. ನನಗೆ ಫೀಸಿನ ಸಂಕಟ, ಅವಳಿಗೆ ಇದು.

ಥಾಣೆ_ವಾಪಸಿ
ಮೊದಲು ಸಂಕಟದ್ದೇ ಹೇಳ್ತೀನಿ. ಕ್ಯಾಂಪಸ್ ಮುಚ್ಚದಿದ್ರೆ ಪ್ರೊಫೆಸರ್ ಪಾಠ ನಡೀತಾ ಇರುತ್ತೆ, ಹೋಗೋದು ಬಿಡೋದು ಅವಳಿಗೆ ಬಿಟ್ಟಿದ್ದು. ಯಾರ್ಕ್‌ನಲ್ಲಿ ಸೆನೆಟ್ ನಿಯಮವೇ ಇದೆ, ಸ್ಟ್ರೈಕ್ ವೇಳೆ ಕ್ಲಾಸಿಗೆ ಬರದ ವಿದ್ಯಾರ್ಥಿಗೆ ಶಿಕ್ಷೆ ಇಲ್ಲ, ತಪ್ಪಿದ ಪಾಠಕ್ಕೆ ಬೇರೆ ದಾರಿ ಮಾಡಿಕೊಡ್ಬೇಕು ಅಂತ. ಆದ್ರೆ ಎಲ್ಲಾ ಕಡೆ ಹಾಗಿರಲ್ಲ, ಮಗಳು ತನ್ನ ಯೂನಿವರ್ಸಿಟಿ ನಿಯಮ ಓದ್ಲಿ, ಓದದೆ ಕ್ಲಾಸ್ ಬಿಡೋದು ಬೇಡ. ಟಿಎ ಎದುರು ಹೋಗೋಕೆ ನಾಚಿಕೆ ಬೇಡ, ಅವನಿಗೂ ಗೊತ್ತಿರುತ್ತೆ. ನಾನು ಪಿಕೆಟ್‌ನಲ್ಲಿ, ಅಂದ್ರೆ ಗೇಟ್ ಎದುರು ಬೋರ್ಡ್ ಹಿಡ್ಕೊಂಡು, ಚಳಿಗೆ ನಡುಗ್ತಾ ನಿಂತಿದ್ದಾಗ ನನ್ನ ಕ್ಲಾಸಿನ ಮಕ್ಕಳು ಕಾಫಿ ತಂದುಕೊಟ್ಟು ಒಳಗೆ ಹೋಗ್ತಿದ್ರು, ಯಾರ ಮೇಲೂ ಸಿಟ್ಟು ಬಂದಿಲ್ಲ. ವಾರಕ್ಕೆ 20 ಗಂಟೆ ನಿಂತ್ರೆ ಯೂನಿಯನ್ ಒಂದಿಷ್ಟು ದುಡ್ಡು ಕೊಡುತ್ತೆ, ಸುಮ್ನೆ ಮಜಾಕ್ಕೆ ಯಾರೂ ನಿಲ್ಲಲ್ಲ ಆ ಥಂಡಿಯಲ್ಲಿ. ಬಸ್ಸು ಕೆಲವು ಕಡೆ ಗೇಟ್ ಹೊರಗೇ ನಿಲ್ಸುತ್ತೆ, ಅರ್ಧ ಗಂಟೆ ಮೊದಲೇ ಹೊರಡೋಕೆ ಹೇಳಿ.

ಆಮೇಲೆ ಕೆಲಸದ ಮಾತು. ಇಲ್ಲೀವರೆಗೆ ಬಂದಿರೋ ಎಲ್ಲಾ ಮಾರ್ಕ್ಸ್ ಪೋರ್ಟಲ್‌ನಿಂದ ಸ್ಕ್ರೀನ್‌ಶಾಟ್ ತೆಗೆದಿಡ್ಲಿ. ಕೊಟ್ಟ ಲ್ಯಾಬ್ ರಿಪೋರ್ಟ್‌ಗಳ ಕಾಪಿ ಇಟ್ಕೊಳ್ಲಿ, ತಾರೀಕು ಕಾಣೋ ಹಾಗೆ. ಯಾವುದಕ್ಕೆ ಎಷ್ಟು ಪರ್ಸೆಂಟ್ ಅನ್ನೋ ಸಿಲಬಸ್ ಪಿಡಿಎಫ್ ಡೌನ್‌ಲೋಡ್ ಮಾಡ್ಲಿ, ಸ್ಟ್ರೈಕ್ ಆದ್ರೆ ಮೊದಲು ಬದಲಾಗೋದು ಅದೇ. ಅಸೈನ್‌ಮೆಂಟ್ ತಿದ್ದೋರು ಇಲ್ಲ ಅಂತ ಕೊಡದೆ ಇರೋದು ದೊಡ್ಡ ತಪ್ಪು, ಡೆಡ್‌ಲೈನ್ ಬದಲಾಗಿದೆ ಅಂತ ಮೇಲ್ ಬರೋ ತನಕ ಡೆಡ್‌ಲೈನ್ ಡೆಡ್‌ಲೈನೇ. ಆ ನೈಜೀರಿಯಾ ಹುಡುಗನ ಹತ್ರ ಗೊತ್ತಿಲ್ಲದ್ದನ್ನೆಲ್ಲ ಈಗಲೇ ಕೇಳ್ಕೊಳ್ಲಿ.

ಫೀಸು ವಾಪಸ್ ಅನ್ನೋ ಆಸೆ ಇಟ್ಕೋಬೇಡಿ. 2017ರಲ್ಲಿ ಒಂಟಾರಿಯೋದ ಕಾಲೇಜು ಅಧ್ಯಾಪಕರ ಸ್ಟ್ರೈಕ್ ಐದು ವಾರ ನಡೆದಾಗ, ಟರ್ಮ್ ಬಿಟ್ಟು ಹೋಗ್ತೀನಿ ಅಂದವರಿಗೆ ಫೀಸು ವಾಪಸ್ ಕೊಟ್ರು, ಉಳಿದವರಿಗೆ ಖರ್ಚಾಗಿದ್ದು ತೋರಿಸಿದ್ರೆ 500 ಡಾಲರ್‌ವರೆಗೆ. ಅಷ್ಟೇ.

ವೀಸಾ ಬಗ್ಗೆ: ಅವಳ ನೋಂದಣಿ ಹಾಗೇ ಇರುತ್ತೆ, ಟಿಎ ಸ್ಟ್ರೈಕ್‌ನಿಂದ ಅದು ಹೋಗಲ್ಲ. ಅಧಿಕೃತ ರಜೆಗೂ 150 ದಿನದ ತನಕ ಅವಕಾಶ ಇದೆ. ಆದ್ರೆ ಅವಳು ಹೊರಗೆ ಪಾರ್ಟ್‌ಟೈಮ್ ಮಾಡ್ತಿದ್ರೆ, ಕ್ಲಾಸ್ ಇಲ್ಲ ಅಂತ ವಾರಕ್ಕೆ 24 ಗಂಟೆ ಮೀರಿ ಮಾಡೋದು ಬೇಡ, ಅಲ್ಲಿ ಸಿಕ್ಕಿಹಾಕ್ಕೊಳ್ಳೋದು. ಇಂಟರ್‌ನ್ಯಾಷನಲ್ ಆಫೀಸ್‌ಗೆ ಒಂದು ಮೇಲ್ ಹಾಕಿ ಉತ್ತರ ಬರವಣಿಗೆಯಲ್ಲೇ ತಗೊಳ್ಲಿ.

ಮತ್ತೆ ಹೇಳ್ತೀನಿ, ಟಿಕೆಟ್ ಮುಟ್ಬೇಡಿ.

ವಾಸ್ಕೋ_ಬಸು
ಹರಕಿ ಆಟ ಅಂದ್ರ ಏನ್ರಿ? ನಮ್ಮ ಕಡೆ ದೊಡ್ಡಾಟ ಸಣ್ಣಾಟ ಅದಾವು, ಹರಕಿಗೆ ಯಾರೂ ಆಡ್ಸಂಗಿಲ್ಲ.

ಡೊಂಬಿವಲಿ_ಅಪ್ಪ
ಯಕ್ಷಗಾನ ಬಸಣ್ಣ. ಹರಕೆ ಹೇಳಿಕೊಂಡದ್ದು ಈಡೇರಿದ್ರೆ ದೇವಸ್ಥಾನದ ಮೇಳ ನಮ್ಮ ಅಂಗಳಕ್ಕೇ ಬಂದು ರಾತ್ರಿ ಆಡ್ತದೆ, ಊರಿಗೆಲ್ಲ ಊಟ. ಇವಳು ಹತ್ತನೇಲಿ ಟೈಫಾಯ್ಡ್ ಆಗಿ ಮಲಗಿದಾಗ ನನ್ನ ಅಮ್ಮ ಹೇಳಿಕೊಂಡದ್ದು. ಈಗ ಪಾಳಿ ಬಂತು. ಯಾರ ಹೆಸರಲ್ಲಿ ಆಟವೋ ಅವಳೇ ಇಲ್ಲದಿದ್ರೆ?

ವಾಸ್ಕೋ_ಬಸು
ಹಂಗಾದ್ರ ಆ ಹುಡುಗಿ ಬರಬೇಕು. ಸ್ಟ್ರೈಕ್ ಆಗಬಾರ್ದು. ನಾ ಬಸವಣ್ಣಗ ಒಂದು ಕಾಯಿ ಒಡೀತೀನಿ.

ಕೊಥ್ರೂಡ್_ಮಾಸ್ತರ
ಆಗಬಾರ್ದು ಅನಬ್ಯಾಡೋ. ಅವರ ಬೇಡಿಕಿ ಈಡೇರಿ ಆಗಬಾರ್ದು ಅನ್ನು.

ವಾಸ್ಕೋ_ಬಸು
ಆತ್ರಿ, ಹಂಗ ಬೇಡ್ಕೋತೀನಿ. ಕಾಯಿ ಒಂದ.

ಡೊಂಬಿವಲಿ_ಅಪ್ಪ
ಹತ್ತು ದಿನ ಆಯ್ತು, ಸುದ್ದಿ ಹೇಳ್ಲಿಕ್ಕೆ ಬಂದೆ. ಸ್ಟ್ರೈಕ್ ಆಗ್ಲಿಲ್ಲ! ಥಾಣೆಯವರು ಹೇಳಿದ ಹಾಗೇ, ಅಲ್ಲಿಯ ಮಧ್ಯರಾತ್ರಿಗೆ ಇಪ್ಪತ್ತು ನಿಮಿಷ ಇರುವಾಗ ತಾತ್ಕಾಲಿಕ ಒಪ್ಪಂದ ಅಂತ ಮೇಲ್ ಬಂತು. ಇನ್ನು ಸದಸ್ಯರು ವೋಟ್ ಹಾಕಿ ಒಪ್ಬೇಕು, ಒಪ್ತಾರೆ ಅಂತ ಆ ಟಿಎ ಹುಡುಗ ಹೇಳಿದ್ದಾನೆ. ಮರುದಿನವೇ ಅವ ಇವಳ ಲ್ಯಾಬ್ ರಿಪೋರ್ಟ್ ತಿದ್ದಿ ಕೊಟ್ಟ, ನೂರಕ್ಕೆ 58. ಎಲ್ಲೆಲ್ಲಿ ತಪ್ಪು ಅಂತ ಎರಡು ಪುಟ ಬರೆದಿದ್ದಾನಂತೆ. "ಸ್ಟ್ರೈಕ್ ಆಗಿದ್ರೇ ಒಳ್ಳೇದಿತ್ತು ಪಪ್ಪಾ" ಅಂತಿದ್ದಾಳೆ.

ಪವಯಿ_ಲ್ಯಾಬ್
ಎರಡು ಪುಟ! ಮಗಳ ಪೇಪರ್ ಮೊದಲ ಇಪ್ಪತ್ತರಲ್ಲಿತ್ತು ಅಂಕಲ್.

ಕೊಥ್ರೂಡ್_ಮಾಸ್ತರ
ಬಸು, ಕಾಯಿ ಒಡದಿ?

ವಾಸ್ಕೋ_ಬಸು
ಒಡದೆ. ಚಟ್ನಿನೂ ಆತು.

ಥಾಣೆ_ವಾಪಸಿ
ಖುಷಿ ಆಯ್ತು ಅಂಕಲ್. ಹಾಗಾದ್ರೆ 19ಕ್ಕೆ ಬರ್ತಾಳೆ?

ಡೊಂಬಿವಲಿ_ಅಪ್ಪ
ಅದೇ ಹೇಳ್ಲಿಕ್ಕೆ ನಾಚಿಕೆ. ಹೋದ ಶನಿವಾರ ಭಾವ ಮನೆಗೆ ಬಂದಿದ್ರು, 143 ದಿನದ್ದು ನಾನೇ ಅವರಿಗೆ ಹೇಳಿದೆ, "ಮತ್ತೆ ಯಾಕೆ ಕಾಯ್ತಿ, ಈಗ್ಲೇ ಬದಲಾಯಿಸಿದ್ರೆ ಕಮ್ಮಿಯಲ್ಲಿ ಆಗ್ತದೆ" ಅಂದ್ರು. ಹನ್ನೊಂದು ಸಾವಿರ ಕಟ್ಟಿ ಜನವರಿ 4ಕ್ಕೆ ಹಾಕಿಸಿದೆ. ಈಗ ವಾಪಸ್ ಹಿಂದಕ್ಕೆ ಹಾಕ್ಲಿಕ್ಕೆ ಆ್ಯಪ್‌ನಲ್ಲಿ ಮೂವತ್ತೆಂಟು ಸಾವಿರ ತೋರಿಸ್ತದೆ. ಆಟದ ದಿನವಾದ್ರೂ ಬದಲಾಗ್ತದಾ ಅಂತ ಮೇಳಕ್ಕೆ ಫೋನ್ ಮಾಡಿದ್ರೆ ಅವರು ನಕ್ಕರು, ಈ ದಿನ ಬಿಟ್ರೆ ಮತ್ತೆ ಎಷ್ಟು ವರ್ಷಕ್ಕೋ ಅಂತ.

ಹಿಂಜವಡಿ_ಬಗ್
😶

ಮುಲುಂಡ್_ಅತ್ತೆ
ಆ್ಯಪ್‌ನಲ್ಲಿ ಮಾಡ್ಬೇಡಿ ಅಣ್ಣ. ಏರ್‌ಲೈನ್‌ಗೆ ನೇರ ಫೋನ್ ಮಾಡಿ, ಯೂನಿವರ್ಸಿಟಿಯ ಆ ಮೇಲ್ ತೋರಿಸ್ತೇನೆ ಅನ್ನಿ, ಮೊದಲು ಮಾಡಿದ್ದ ತಾರೀಕಿಗೇ ವಾಪಸ್ ಹಾಕಿ ಅಂತ ಕೇಳಿ. ಸಿಟ್ಟು ಮಾಡ್ಬೇಡಿ, ಮೆತ್ತಗೆ ಮಾತಾಡಿ.

ಡೊಂಬಿವಲಿ_ಅಪ್ಪ
ಫೋನ್ ಮಾಡಿದ್ದೇನೆ. ಹೋಲ್ಡ್‌ನಲ್ಲಿ ಇಟ್ಟಿದ್ದಾರೆ, ನಲವತ್ತು ನಿಮಿಷ ಆಯ್ತು, ಅದೇ ಸಂಗೀತ.